ಪಡುವಣ ಗೋಡೆಗೊಂದು ರಂಜ

ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆಗೆ ನಿಮ್ಮ ಮನೆಯ ಪಡುವಣ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ. ಕಾದ ಹಂಚಿನಂತಿರುತ್ತದೆ. ರಾತ್ರಿ ಹತ್ತಾದರೂ ಒಳಗಿನ ಕೋಣೆಗೆ ಕಾವು ಬಿಡುತ್ತಲೇ ಇರುತ್ತದೆ. ಅಂಗಳಕ್ಕೆ ಯಾವ ಮರ ಹಾಕೋಣ ಎಂದು ಕೇಳುವವರಿಗೆ, ಮೊದಲು ಆ ಗೋಡೆ ಮುಟ್ಟಿ ಬನ್ನಿ ಎನ್ನುತ್ತೇನೆ; ನೆರಳು ಬೇಕಾದದ್ದು ಅದಕ್ಕೆ. ನರ್ಸರಿಗೆ ಹೋಗುವುದು ಆಮೇಲೆ.

ನರ್ಸರಿಯಲ್ಲಿ ಎಲ್ಲ ಸಸಿಗಳೂ ಸೊಂಟದೆತ್ತರ. ಅರಳಿಯೂ ಅಷ್ಟೇ, ಪಾರಿಜಾತವೂ ಅಷ್ಟೇ. ಇಪ್ಪತ್ತು ವರ್ಷದ ಮೇಲೆ ಒಂದು ಇಡೀ ಸೈಟನ್ನೇ ನುಂಗುತ್ತದೆ, ಇನ್ನೊಂದು ಮೂಲೆಯಲ್ಲಿ ತನ್ನ ಪಾಡಿಗೆ ನಿಂತಿರುತ್ತದೆ. ಸಸಿ ನೋಡಿ ಮರ ಆರಿಸಬೇಡಿ. ನಿಮ್ಮ ಊರಲ್ಲೇ ಆ ಜಾತಿಯ ಹಳೆಯ ಮರ ಎಲ್ಲಿದೆ ಎಂದು ಹುಡುಕಿ, ಅದರ ಬುಡಕ್ಕೆ ಹೋಗಿ ನಿಂತು, ನೆರಳನ್ನು ಹೆಜ್ಜೆಯಲ್ಲಿ ಅಳೆದು ಬನ್ನಿ.

ಬೆಂಗಳೂರಿನವರಾದ ನಮಗೆ ರಸ್ತೆ ಮರಗಳ ಮೋಹ ಹೆಚ್ಚು. 1908ರಿಂದ 1932ರವರೆಗೆ ಮೈಸೂರು ಸಂಸ್ಥಾನದ ಸರ್ಕಾರಿ ತೋಟಗಳನ್ನು ನೋಡಿಕೊಂಡ ಜರ್ಮನಿಯ ಕೃಂಬಿಗಲ್ ಅವರು, ಒಂದು ಸಾಲಿನ ಹೂ ಉದುರುವ ಹೊತ್ತಿಗೆ ಮತ್ತೊಂದು ಸಾಲು ಅರಳಬೇಕೆಂದು ಲೆಕ್ಕ ಹಾಕಿ ಮರ ನೆಡಿಸಿದರು. ಆ ಲೆಕ್ಕ ಅಗಲವಾದ ರಸ್ತೆಗಳದು, ಉದ್ಯಾನಗಳದು. ಗುಲ್‌ಮೊಹರ್ ಮಡಗಾಸ್ಕರ್ ಮೂಲದ ಮರ; ಛತ್ರಿಯಂತೆ ಅಗಲಕ್ಕೆ ಹರಡುವುದು ಅದರ ಜಾಯಮಾನ, ಬೇರೂ ಮೇಲ್ಮಣ್ಣಿನಲ್ಲೇ ಹರಿದಾಡುತ್ತದೆ. ನಾನು ಅದನ್ನು ಕಾಂಪೌಂಡಿನಿಂದ ನಾಲ್ಕೇ ಅಡಿ ದೂರದಲ್ಲಿ ನೆಟ್ಟಿದ್ದೆ. ಹತ್ತನೆಯ ವರ್ಷಕ್ಕೆ ಗೋಡೆ ಬಿರಿಯಿತು. ಮೇ ತಿಂಗಳ ಗಾಳಿಮಳೆಗೆ ದೊಡ್ಡ ಕೊಂಬೆಯೊಂದು ಪಕ್ಕದ ಮನೆಯ ಸಜ್ಜೆಯ ಮೇಲೆ ಬಿತ್ತು. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ ಸ್ವಂತ ಅಂಗಳದ ಮರವಾದರೂ ವೃಕ್ಷಾಧಿಕಾರಿಯ ಅನುಮತಿ ಪಡೆದೇ ಕಡಿಸಬೇಕಾಯಿತು. ಕಡಿಸಿದ ದಿನ ಮರದ ತುಂಬ ಹೂವಿತ್ತು. ಆ ಮರಕ್ಕೆ ನಾನು ಮಾಡಿದ ಅನ್ಯಾಯ ಇವತ್ತಿಗೂ ಮನಸ್ಸಿನಲ್ಲಿದೆ. ನೀರುಕಾಯಿ, ಆಕಾಶಮಲ್ಲಿಗೆ ಕೂಡ ಹೀಗೆಯೇ ಲಟಲಟನೆ ಮುರಿಯುವ ಜಾತಿ. ದೂರದಿಂದ ಚೆಂದ.

ಆ ಜಾಗದಿಂದ ಒಳಕ್ಕೆ, ಗೋಡೆಗಳಿಂದ ಹತ್ತಡಿ ಬಿಟ್ಟು, ಆಮೇಲೆ ಹಾಕಿದ್ದು ರಂಜ. ಕೆಲವರು ಬಕುಳ ಎನ್ನುತ್ತಾರೆ, ಕೆಲವೆಡೆ ಪಗಡೆ ಮರ. ಅಂಚು ಅಲೆಯಲೆಯಾದ ಕಡುಹಸಿರು ಎಲೆ, ಒತ್ತೊತ್ತಾದ ದುಂಡು ತಲೆ, ಗಟ್ಟಿ ಕಟ್ಟಿಗೆ. ವರ್ಷವಿಡೀ ಹಸಿರಾಗಿರುವುದರಿಂದ ಒಮ್ಮೆಲೇ ಬೋಳಾಗಿ ಮಾಳಿಗೆಯ ನೀರುದಾರಿ ಕಟ್ಟಿಸುವುದಿಲ್ಲ. ಹೂವೋ, ಅಂಗಿಯ ಗುಂಡಿಯಷ್ಟೇ ಇರುವ ಕೆನೆಬಣ್ಣದ ಪುಟ್ಟ ನಕ್ಷತ್ರ. ಎಲೆಗಳ ನಡುವೆ ಅಡಗಿ ಕೂತಿರುತ್ತದೆ, ಕಣ್ಣಿಗಿಂತ ಮೂಗಿಗೇ ಮೊದಲು ಸಿಗುತ್ತದೆ. ಬೆಳಗ್ಗೆ ನೆಲದ ಮೇಲೆ ಉದುರಿದ್ದನ್ನು ಆಯ್ದರೆ ನಡುವೆ ತೂತು ಇದ್ದೇ ಇರುತ್ತದೆ, ಬಾಳೆನಾರಿಗೆ ಸುಮ್ಮನೆ ಪೋಣಿಸುತ್ತ ಹೋಗಬಹುದು. ಒಣಗಿದ ಮೇಲೂ ಪರಿಮಳ ಹೋಗದು. ನಮ್ಮಜ್ಜಿಯ ಟ್ರಂಕಿನ ಸೀರೆಗಳಿಗೆಲ್ಲ ಅದೇ ವಾಸನೆ. ಆಮೇಲೆ ಕಿತ್ತಳೆ ಬಣ್ಣದ ಹಿಟ್ಟುಹಿಟ್ಟಾದ ಹಣ್ಣು, ಒಗರೊಗರು ಸಿಹಿ, ಹಕ್ಕಿ ಬಾವಲಿಗಳಿಗೆ ಹಬ್ಬ. ನಿಧಾನವಾಗಿ ಬೆಳೆಯುತ್ತದೆಂದು ಹಲವರು ಮೂಗು ಮುರಿಯುತ್ತಾರೆ. ಮನೆಯಂಗಳದಲ್ಲಿ ನಿಧಾನವೇ ದೊಡ್ಡ ಗುಣ ಎಂಬುದು ಗೋಡೆ ಕಳೆದುಕೊಂಡ ನನ್ನ ಅಭಿಪ್ರಾಯ.

ಜಾಗ ಧಾರಾಳವಾಗಿದ್ದರೆ ಹೊಂಗೆ ಹಾಕಿ. ಯುಗಾದಿಯ ಹೊತ್ತಿಗೆ ಅದರ ಎಳೆ ಚಿಗುರಿನ ಮೇಲೆ ಬಿಸಿಲು ಬಿದ್ದಾಗ ಕಾಣುವ ಹೊಳಪನ್ನು ಯಾವ ವಿದೇಶಿ ಹೂವೂ ಕೊಡಲಾರದು.

30×40 ಸೈಟಿನಲ್ಲಿ ಮನೆ ಕಟ್ಟಿ, ಸಂಪು ತೋಡಿ, ಕಾರು ನಿಲ್ಲಿಸಿದ ಮೇಲೆ ಐದಾರಡಿ ಉಳಿದಿದ್ದರೆ ರಂಜದ ಆಸೆಯನ್ನೂ ಬಿಡಬೇಕು. ಅಲ್ಲಿಗೆ ಪಾರಿಜಾತ ಸಾಕು, ಹಿತ್ತಲಿಗೆ ಕರಿಬೇವು. ಒಂದೇ ಮರ ನೆಟ್ಟು ಅದಕ್ಕೆ ಬೇಕಾದಷ್ಟು ಆಕಾಶ ಬಿಟ್ಟುಕೊಡಿ. ಅರ್ಧ ಡಜನ್ ಸಸಿ ಒತ್ತಿ ನೆಟ್ಟರೆ ಎಲ್ಲವೂ ಬೆಳಕಿಗಾಗಿ ಸೊರಗಿ ಉದ್ದವಾಗುತ್ತವೆ.

ನೆಡುವುದಕ್ಕೆ ಆರಿದ್ರಾ ಮಳೆ ಹಿಡಿಯುವ ಜೂನ್ ಕೊನೆ ಒಳ್ಳೆಯ ಕಾಲ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿಡಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಸೀಳಿ ತೆಗೆಯಿರಿ, ಬೇರನ್ನು ನೋಡಿ. ಚೀಲದೊಳಗೆ ಬೇರು ಸಿಂಬಿ ಸುತ್ತಿಕೊಂಡ ಸಸಿ ಮುಂದೆ ಗಾಳಿಗೆ ನಿಲ್ಲುವುದಿಲ್ಲ. ಎರಡು ವರ್ಷ ಚೀಲದಲ್ಲೇ ಕೂತ ಎತ್ತರದ ಸಸಿಗಿಂತ, ಸಡಿಲ ಬೇರಿನ ಮೊಣಕಾಲೆತ್ತರದ ಸಸಿಯನ್ನೇ ನಾನು ಆರಿಸುವುದು. ಸಸಿಯನ್ನು ಊರುಗೋಲಿಗೆ ಬಿಗಿದು ಕಟ್ಟಬೇಡಿ. ಕಾಂಡ ಸ್ವಲ್ಪ ಓಲಾಡಬೇಕು, ಓಲಾಡಿದಷ್ಟೂ ಬುಡ ದಪ್ಪವಾಗುತ್ತದೆ. ಒಂದು ವರ್ಷ ಕಳೆದ ಮೇಲೆ ಕೋಲನ್ನು ಕಿತ್ತುಬಿಡಿ.