ಕೃಷ್ಣೆಯ ಗಡ್ಡಿಗಳಿಗೆ ಹೋಗುವವರಿಗೆ

ದ್ವೀಪ ನೋಡಬೇಕು ಅಂದರೆ ನಮ್ಮವರು ಅಂಡಮಾನ್, ಲಕ್ಷದ್ವೀಪದ ಟಿಕೆಟ್ ಹುಡುಕುತ್ತಾರೆ. ಕಾಲಜ್ಞಾನದ ಬಸವಣ್ಣನ ಕೊಡೇಕಲ್‌ಗೆ ಬಂದವರೂ ಗುಡಿ ನೋಡಿ, ನಾರಾಯಣಪುರದ ಬಸವಸಾಗರ ನೋಡಿ, ಛಾಯಾ ಭಗವತಿಗೆ ಕೈಮುಗಿದು ಹೊರಟುಬಿಡುತ್ತಾರೆ. ಅಣೆಕಟ್ಟೆಯ ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಕವಲೊಡೆಯುತ್ತಾಳೆ. ಆ ಕವಲುಗಳ ನಡುವಿನ ಗಡ್ಡಿಗಳೇ ನಮ್ಮ ದ್ವೀಪಗಳು. ಜಲದುರ್ಗದ ಕೋಟೆ ನಿಂತಿರುವುದು ಅಂಥದೊಂದರ ಮೇಲೆ. ಕರಕಲಗಡ್ಡಿ, ಮ್ಯಾದರಗಡ್ಡಿ ಆಚೆ ಲಿಂಗಸುಗೂರು ಕಡೆಯವು. ಈಚೆ ಸುರಪುರ ಸೀಮೆಯಲ್ಲಿ, ಕಕ್ಕೇರಾ ಬಳಿ, ನೀಲಕಂಠರಾಯನಗಡ್ಡಿ.

ಅಲ್ಲಿಗೆ ಹೋಗುವವರು ಗಡ್ಡಿಯವರನ್ನು ಜೊತೆಗಿಟ್ಟುಕೊಳ್ಳದೆ ಹೋಗಬಾರದು ಎಂಬುದು ನನ್ನ ಖಚಿತ ಮಾತು. ಈ ನದಿಯಲ್ಲಿ ಮೊಸಳೆಗಳಿವೆ. ಬೇಸಿಗೆ ಹತ್ತಿರವಾದಾಗ ಹೆಣ್ಣು ಮೊಸಳೆ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ, ಕಾವಲಿಗೆ ಅಲ್ಲೇ ಸುಳಿದಾಡುತ್ತದೆ. ಅದೇ ಕಾಲಕ್ಕೆ ನದಿ ರೀವ ಹಕ್ಕಿ ಗೂಡೇ ಕಟ್ಟದೆ ಬರಿ ಮರಳಿನ ಮೇಲೆ ಮೊಟ್ಟೆಯಿಡುತ್ತದೆ. ಮರಳಿನದೇ ಬಣ್ಣ, ಮೇಲೆ ಚುಕ್ಕೆ. ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ. ನಾವು ಹತ್ತಿರ ಹೋದರೆ ತಾಯಿ ಎದ್ದು ಹಾರುತ್ತದೆ, ಸುಡುಬಿಸಿಲಿಗೆ ಮೊಟ್ಟೆ ಕೆಡುತ್ತದೆ. ಒಂದು ಫೋಟೋದ ಆಸೆಗೆ ಇಷ್ಟಾಗುತ್ತದೆ. ಯಾವ ದಂಡೆಗೆ ತೆಪ್ಪ ಹಚ್ಚಬೇಕು, ಯಾವುದನ್ನು ದೂರದಿಂದ ನೋಡಿ ಬಿಡಬೇಕು ಎಂಬುದನ್ನು ದಿನವೂ ನೀರು ದಾಟುವವರೇ ಹೇಳಬೇಕು.

ಅವರ ಬದುಕೂ ಸಲೀಸಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜೋರಾದರೆ ಜಲಾಶಯದ ಗೇಟು ತೆರೆಯುತ್ತಾರೆ, ಗಡ್ಡಿಯ ದಾರಿ ಮುಚ್ಚುತ್ತದೆ. 2013ರಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಮೈಗೆ ಒಣ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ, ತುಂಬಿದ ಹೊಳೆಯನ್ನು ಈಜಿ ಈ ದಂಡೆ ಸೇರಿದರು. ಆಸ್ಪತ್ರೆ ಇದ್ದದ್ದು ಈಚೆ. ಆ ನೀರನ್ನು ಅಷ್ಟು ಬಲ್ಲವರಿಗಿಂತ ಉತ್ತಮ ಮಾರ್ಗದರ್ಶಿ ನಮಗೆ ಎಲ್ಲಿ ಸಿಕ್ಕಾರು?

ಸೂಕ್ತ ಕಾಲ ಚಳಿಗಾಲ. ನೀರು ಇಳಿದಿರುತ್ತದೆ, ಮೊಸಳೆಗಳು ಬೆಳಗಿನ ಬಿಸಿಲಿಗೆ ಬಂಡೆ ಏರುತ್ತವೆ, ಮರಿಮಾಡುವ ಕಾಲ ಇನ್ನೂ ಬಂದಿರುವುದಿಲ್ಲ. ಬರುವಾಗಲೋ ಹೋಗುವಾಗಲೋ ಸುರಪುರದ ಹತ್ತಿರದ ಬೋನಾಳ ಕೆರೆಗೂ ಹೋಗಿ. ಸುರಪುರದ ನಾಯಕ ಅರಸರು ಕಟ್ಟಿಸಿದ ಕೆರೆ, ಈಗ ಪಕ್ಷಿಧಾಮ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು, ಆಪಿನ ನಡುವೆ ನಿಂತ ನೇರಳೆ ಬಕಗಳು. ದುರ್ಬೀನು ಇದ್ದರೆ ಅರ್ಧ ದಿನವೂ ಸಾಲದು.

ಗಡ್ಡಿಗೆ ಹೋಗುವ ಮುನ್ನ ಊರ ಹಿರಿಯರಿಗೆ ಹೇಳಿ ಕಳಿಸಿ. ಗಡ್ಡಿಯ ಮನೆಯಲ್ಲೇ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿಸಿ. ತೆಪ್ಪದ ಬಾಡಿಗೆ, ಊಟದ ದುಡ್ಡು ಚೌಕಾಸಿ ಮಾಡದೆ ಅವರ ಕೈಗೇ ಕೊಡಿ. ಹೊಳೆಯ ಬಣ್ಣ ನೋಡಿ ಅವರು ಇವತ್ತು ಬೇಡ ಅಂದರೆ, ಆವತ್ತು ಬೋನಾಳದಲ್ಲೇ ಉಳಿಯಿರಿ.