ಬಣ್ಣದ ಕೆಳಗಿನ ಲಿಬರೇಟರ್

ಡಕೋಟಾ ಎಂಬ ಹಳೆಯ ಸಾಗಣೆ ವಿಮಾನದ ಮಾತು ಈ ವಾರ ಮುಗಿಸಬೇಕಿತ್ತು. ಅದಕ್ಕೂ ಮುಂಚೆ ಒಂದು ಹಳೆಯ ತಕರಾರು ಇತ್ಯರ್ಥವಾಗಲಿ. ಪ್ರದರ್ಶನಕ್ಕಿಟ್ಟ ಯುದ್ಧಕಾಲದ ವಿಮಾನದ ಬಾಲದ ಮೇಲಿನ ಸಂಖ್ಯೆ ಓದಿ, ಪಟ್ಟಿಯಲ್ಲಿ ಹುಡುಕಿ, ‘ಇದು ಇಂಥದ್ದೇ’ ಎಂದು ತೀರ್ಪು ಕೊಡುವ ಪಂಥವೊಂದಿದೆ. ಅದು ಸೋಲುವುದು ಡಕೋಟಾದ ಮುಂದೆಯೇ. 2018ರಲ್ಲಿ ನಮ್ಮ ವಾಯುಪಡೆ ಸೇರಿದ ‘ಪರಶುರಾಮ’ ಎಂಬ ಡಕೋಟಾದ ಬಾಲದ ಮೇಲೆ ವಿಪಿ 905 ಎಂದಿದೆ. ಆ ಸಂಖ್ಯೆ 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸಿಖ್ ಯೋಧರನ್ನು ಹೊತ್ತೊಯ್ದ ಬೇರೊಂದು ಡಕೋಟಾದ್ದು. ಅದರ ಗೌರವಕ್ಕಾಗಿ ಇಲ್ಲಿ ಬರೆದದ್ದು. ಚೀಲದ ಮೇಲಿನ ಬರಹ ನೋಡಿ ಕೊಬ್ಬರಿಗೆ ಬೆಲೆ ಕಟ್ಟುವವರು ತಿಪಟೂರಿನ ಮಾರುಕಟ್ಟೆಯಲ್ಲಿಲ್ಲ. ವಿಮಾನಕ್ಕೂ ಅದೇ ನ್ಯಾಯ ಸಲ್ಲಬೇಕು.

ಇದಕ್ಕಿಂತ ದೊಡ್ಡ ಪುರಾವೆ ನಮ್ಮ ಬೆಂಗಳೂರಿನದೇ ಆದ್ದರಿಂದ ಡಕೋಟಾ ಇನ್ನೊಂದು ವಾರ ಕಾಯಲಿ. ಯುದ್ಧಕಾಲದ ಬಾಂಬರ್ ಬಿ-24 ಲಿಬರೇಟರ್ ಗುರುತಿಸಲು ಸಂಖ್ಯೆಯೇ ಬೇಡ. ನಾಲ್ಕು ಎಂಜಿನ್, ಒಡಲಿನ ಹೆಗಲ ಮೇಲೆ ಕೂತ ಉದ್ದನೆಯ ಕಿರಿದಾದ ರೆಕ್ಕೆ, ಹಿಂದೆ ಮೊಟ್ಟೆಯಾಕಾರದ ಜೋಡಿ ಬಾಲ, ಮೂಗಿನಡಿ ಚಕ್ರ, ಇಷ್ಟು ಸಾಕು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಇವನ್ನು ಮತ್ತೆ ಹಾರದಂತೆ ಜಖಂಗೊಳಿಸಿ ಕಾನ್ಪುರದಲ್ಲಿ ಬಿಟ್ಟರು. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನವರು ಅವನ್ನು ಹಾರುವಷ್ಟರಮಟ್ಟಿಗೆ ಸರಿಪಡಿಸಿದರು. ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿ ಬೆಂಗಳೂರಿಗೆ ಹಾರಿಸಿ ತಂದರು. ಪೂರ್ಣ ದುರಸ್ತಿ ಇಲ್ಲಿ ನಡೆಯಿತು. 1943ರಿಂದ ಅಮೆರಿಕನ್ ಸೇನೆಯ ಡಿಪೊ ಆಗಿದ್ದ ಆ ಕಾರ್ಖಾನೆಗೆ ಲಿಬರೇಟರ್ ಹೊಸದೇನಲ್ಲ. 1948ರಲ್ಲಿ ಐದನೇ ಸ್ಕ್ವಾಡ್ರನ್ ಇವುಗಳಿಂದಲೇ ಹುಟ್ಟಿತು. 1968ರವರೆಗೂ ಇವು ವಾಯುಪಡೆಯಲ್ಲಿ ದುಡಿದವು. ದೆಹಲಿಯ ಪಾಲಂ, ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂ, ಅರಿಜೋನದ ಪೀಮಾ, ಕೆನಡಾದ ಒಟ್ಟಾವ: ಇಲ್ಲೆಲ್ಲ ನಿಂತಿರುವ ಲಿಬರೇಟರುಗಳು ಭಾರತದಲ್ಲಿ ಹಾರಿದವೇ.

ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ನಿನದೂ ಅಷ್ಟೆ. 1944ರಲ್ಲಿ ಟೆಕ್ಸಾಸ್‌ನ ಫೋರ್ಟ್‌ವರ್ತ್‌ನಲ್ಲಿ ತಯಾರಾಗಿ, ಬ್ರಿಟಿಷರ ಕೈಸೇರಿ, ಕಾನ್ಪುರದಿಂದ ಬಂದು ನಮ್ಮ ವಾಯುಪಡೆಯಲ್ಲಿ ಹಾರಿದ ಆ ವಿಮಾನಕ್ಕೆ, ಯುರೋಪಿನಲ್ಲಿ 130 ದಾಳಿ ನಡೆಸಿದ ‘ವಿಚ್‌ಕ್ರಾಫ್ಟ್’ ಎಂಬ ಬೇರೆ ವಿಮಾನದ ವೇಷ ತೊಡಿಸಿದ್ದಾರೆ. ಸತ್ತ ಸೈನಿಕರಿಗೆ ಅದು ಗೌರವವಲ್ಲವೇ ಎಂದು ಕೇಳಬಹುದು. ಹೌದು, ಗೌರವ ಸರಿಯಾದದ್ದೇ. ಆದರೆ ಇಲ್ಲದ ವಿಮಾನಕ್ಕೆ ಸಲ್ಲಿಸುವ ಗೌರವ ಇರುವ ವಿಮಾನದ ಚರಿತ್ರೆಯನ್ನು ಅಳಿಸಬಾರದು. ಹಲವು ವಿಮಾನಗಳ ಭಾಗ ಸೇರಿದ ಮೇಲೆ ‘ಇದೇ ಅದು’ ಎನ್ನುವುದು ಹೇಗೆಂಬ ಆಕ್ಷೇಪವೂ ಇದೆ. ಯುದ್ಧವಿಮಾನದ ಭಾಗಗಳು ಬಳಕೆಯಲ್ಲಿದ್ದಾಗಲೂ ಬದಲಾಗುತ್ತಲೇ ಇರುತ್ತವೆ. ಗುರುತು ನಿಲ್ಲುವುದು ಒಡಲಿನ ತಯಾರಿಕಾ ಸಂಖ್ಯೆಯಲ್ಲಿ, ದುರಸ್ತಿಯ ದಾಖಲೆಯಲ್ಲಿ. ಬಾಲದ ಬಣ್ಣ ಸಾಕ್ಷಿಯ ಸಾಲಿನಲ್ಲಿ ಕೊನೆಯದು.

ಈ ಲಿಬರೇಟರುಗಳು ಉಳಿದದ್ದು ಬೆಂಗಳೂರಿನ ಕೆಲಸಗಾರರ ಕೈಯಿಂದ. ಅದೇ ಎಚ್‌ಎಎಲ್ ಇಂದು ನಮ್ಮ ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ನಡೆಸುತ್ತಿದೆ. ವಿಮಾನ ಎಲ್ಲಿ ತಯಾರಾಯಿತು, ಯಾರ ಕೈಯಲ್ಲಿ ಹಾರಿತು, ಎಲ್ಲಿ ದುರಸ್ತಿಯಾಯಿತು, ಈಗಿನ ಬಣ್ಣ ಯಾರದು ಎಂಬ ನಾಲ್ಕು ಸಾಲು ಪ್ರತಿ ಮ್ಯೂಸಿಯಂ ಫಲಕದಲ್ಲಿರಲಿ. ನೋಡಲು ಹೋಗುವವರೂ ಮೊದಲು ರೆಕ್ಕೆ, ಎಂಜಿನ್, ಚಕ್ರ ನೋಡಿ; ಸಂಖ್ಯೆ ಆಮೇಲೆ ಓದಿ.