ತಾಯಿ ಇರುವ ಅನಾಥರು

ಕ್ರೈಸ್ತ ಮಿಶನರಿಗಳು ನಡೆಸುವ ಅನಾಥಾಲಯಗಳ ಬಗ್ಗೆ ನಮ್ಮಲ್ಲಿ ಚರ್ಚೆ ಎದ್ದಾಗಲೆಲ್ಲ ಅದು ಮತಾಂತರದ ಬಳಿ ಹೋಗಿ ನಿಲ್ಲುತ್ತದೆ. ಒಂದು ಪಕ್ಷ ಆರೋಪ ಹೊರಿಸುತ್ತದೆ. ಇನ್ನೊಂದು ಪಕ್ಷ ಮದರ್ ತೆರೇಸಾರ ಹೆಸರು ಹೇಳಿ ಬಾಯಿ ಮುಚ್ಚಿಸುತ್ತದೆ. ಈ ಗದ್ದಲದ ನಡುವೆ ಯಾರೂ ಕೇಳದ ಪ್ರಶ್ನೆಯೊಂದಿದೆ: ಅಲ್ಲಿರುವ ಮಗುವಿಗೆ ತಾಯಿ ಇದ್ದಾಳೆಯೇ? ಇದ್ದರೆ, ಮಗು ಅಲ್ಲೇಕೆ ಇದೆ?

ಈ ಪ್ರಶ್ನೆ ಕೇಳಲು ಹೈಟಿ ತಕ್ಕ ಜಾಗ. ಕೆರಿಬಿಯನ್ ಸಮುದ್ರದ ಈ ಬಡ ದೇಶಕ್ಕೆ ಅಮೇರಿಕದ ಚರ್ಚುಗಳಿಂದ ಹಣ ಹರಿದು ಬರುವುದು ಹೊಸತೇನಲ್ಲ. ಮಕ್ಕಳ ಹಕ್ಕುಗಳಿಗಾಗಿ ಕೆಲಸ ಮಾಡುವ ಲುಮೋಸ್ ಎಂಬ ಸಂಸ್ಥೆ (ಹ್ಯಾರಿ ಪಾಟರ್ ಖ್ಯಾತಿಯ ಲೇಖಕಿ ಜೆ.ಕೆ. ರೌಲಿಂಗ್ ಸ್ಥಾಪಿಸಿದ್ದು) 2017ರಲ್ಲಿ ಆ ಹಣದ ಜಾಡು ಹಿಡಿಯಿತು. ಸುಮಾರು 750 ಅನಾಥಾಲಯಗಳಲ್ಲಿ 30,000ದಷ್ಟು ಮಕ್ಕಳು. ಅವರಲ್ಲಿ ನೂರಕ್ಕೆ 80 ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದರು. ಮೂರನೇ ಒಂದರಷ್ಟು ಅನಾಥಾಲಯಗಳಿಗೇ ವರ್ಷಕ್ಕೆ ಕನಿಷ್ಠ 7 ಕೋಟಿ ಡಾಲರ್ ಹೊರಗಿನಿಂದ ಬರುತ್ತಿತ್ತು. ಹಣ ಕೊಟ್ಟವರಲ್ಲಿ ಹೆಚ್ಚಿನವರು ಅಮೇರಿಕದ ಶ್ರದ್ಧಾವಂತ ಕ್ರೈಸ್ತರು.

ಹಾಗಾದರೆ ತಂದೆ ತಾಯಿ ಇರುವ ಮಕ್ಕಳು ಅನಾಥಾಲಯಕ್ಕೆ ಹೋದದ್ದು ಹೇಗೆ? ಉತ್ತರ ಸರಳ. ಶಾಲೆಯ ಶುಲ್ಕ ಕಟ್ಟಲು ಮನೆಯಲ್ಲಿ ಹಣವಿಲ್ಲ. ಅನಾಥಾಲಯದಲ್ಲಿ ಊಟವಿದೆ, ಸಮವಸ್ತ್ರವಿದೆ, ಪಾಠವಿದೆ. ಮಗುವಾದರೂ ಓದಲಿ ಎಂದು ತಾಯಿ ಕಣ್ಣೊರೆಸಿಕೊಂಡು ಬಿಟ್ಟು ಬರುತ್ತಾಳೆ. ಹಳ್ಳಿಗಳಿಗೇ ಹೋಗಿ ಆಸೆ ತೋರಿಸಿ ಮಕ್ಕಳನ್ನು ಕರೆತರುವ ದಲ್ಲಾಳಿಗಳೂ ಇದ್ದಾರೆ. ಹಾಸಿಗೆಗಳು ತುಂಬಿದ್ದರೆ ತಾನೇ ದೇಣಿಗೆ ಬರುವುದು? ಅನಾಥರಿದ್ದಾರೆಂದು ಅನಾಥಾಲಯ ಹುಟ್ಟಬೇಕಿತ್ತು. ಇಲ್ಲಿ ಅನಾಥಾಲಯವಿದೆಯೆಂದು ಅನಾಥರು ಹುಟ್ಟಿಕೊಂಡರು.

2010ರ ಜನವರಿಯ ಭೂಕಂಪದ ಬೆನ್ನಿಗೇ ಅಮೇರಿಕದ ಹತ್ತು ಮಂದಿ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ ಹೊರಟರು. ಅಲ್ಲಿ ಅನಾಥಾಲಯ ತೆರೆಯುವುದು ಅವರ ಯೋಜನೆಯಾಗಿತ್ತು. ಗಡಿಯಲ್ಲಿ ಸಿಕ್ಕಿಬಿದ್ದರು. ವಿಚಾರಿಸಿದಾಗ ಆ ಮಕ್ಕಳಲ್ಲಿ ಹೆಚ್ಚಿನವರ ಹೆತ್ತವರು ಜೀವಂತವಾಗಿದ್ದರು. ಮಕ್ಕಳನ್ನು ಕೊಟ್ಟವರೂ ಅವರೇ! ಹೋದವರಿಗೆ ತಾವು ತಪ್ಪು ಮಾಡುತ್ತಿದ್ದೇವೆ ಎಂಬ ಅಳುಕಿರಲಿಲ್ಲ, ದೇವರ ಕೆಲಸ ಮಾಡುತ್ತಿದ್ದೇವೆ ಎಂದೇ ನಂಬಿದ್ದರು. ನಮ್ಮನ್ನು ಹೆಚ್ಚು ಕಾಡುವುದು ಈ ನಂಬಿಕೆ.

ಹತ್ತು ವರ್ಷಗಳ ನಂತರ, 2020ರ ಫೆಬ್ರವರಿಯಲ್ಲಿ, ರಾಜಧಾನಿಯ ಹೊರಗಿನ ಕೆನ್ಸ್ಕಾಫ್ ಪ್ರದೇಶದ ಅನಾಥಾಲಯವೊಂದಕ್ಕೆ ರಾತ್ರಿ ಬೆಂಕಿ ಬಿದ್ದು 15 ಮಕ್ಕಳು ಸತ್ತರು. ಕರೆಂಟಿರಲಿಲ್ಲ, ಮೇಣದ ಬತ್ತಿ ಉರಿಸಲಾಗಿತ್ತು. ಅನಾಥಾಲಯಕ್ಕೆ ಸರಕಾರದ ಮಾನ್ಯತೆಯೂ ಇರಲಿಲ್ಲ. ಅದನ್ನು ನಡೆಸುತ್ತಿದ್ದುದು ಪೆನ್ಸಿಲ್ವೇನಿಯಾದ ಚರ್ಚ್ ಆಫ್ ಬೈಬಲ್ ಅಂಡರ್‌ಸ್ಟ್ಯಾಂಡಿಂಗ್. ಈ ಸಂಘಟನೆಗೆ ನ್ಯೂಯಾರ್ಕ್‌ನಲ್ಲಿ ಹಳೆಯ ಕಾಲದ ದುಬಾರಿ ದೀಪ, ಬಾಗಿಲು, ಅಲಂಕಾರದ ವಸ್ತುಗಳನ್ನು ಮಾರುವ ಅಂಗಡಿಯಿತ್ತು. ಅದರ ಲಾಭ ಹೈಟಿಯ ಮಕ್ಕಳಿಗೆ ಎಂದೇ ಹೇಳಲಾಗುತ್ತಿತ್ತು. ದೀಪ ಮಾರುವವರ ಅನಾಥಾಲಯದಲ್ಲಿ ಮಕ್ಕಳಿಗೆ ಮೇಣದ ಬತ್ತಿ!

ಕ್ರೈಸ್ತ ಪರಂಪರೆಯಲ್ಲಿ ಅನಾಥಾಲಯ ಎಂದರೆ ಎಂದೂ ಹೀಗೇ ಇತ್ತು ಎಂದು ಭಾವಿಸಿದರೆ ಅನ್ಯಾಯವಾದೀತು. ಪ್ರಶ್ಯದಲ್ಲಿ ಹುಟ್ಟಿದ ಜಾರ್ಜ್ ಮುಲ್ಲರ್ 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಬಾಡಿಗೆ ಮನೆಯೊಂದರಲ್ಲಿ 30 ಹೆಣ್ಣುಮಕ್ಕಳೊಂದಿಗೆ ಕೆಲಸ ಆರಂಭಿಸಿದರು. 1870ರ ಹೊತ್ತಿಗೆ ಐದು ದೊಡ್ಡ ಕಟ್ಟಡಗಳು, ಎರಡು ಸಾವಿರ ಮಕ್ಕಳು. ಯಾರಲ್ಲೂ ಹಣ ಕೇಳುವುದಿಲ್ಲ, ದೇವರಲ್ಲಿ ಮಾತ್ರ ಕೇಳುತ್ತೇನೆ ಎಂಬುದು ಅವರ ವ್ರತ. (ಹೀಗೆ ಕೇಳಿದ್ದನ್ನು ವರ್ಷವರ್ಷ ವರದಿಯಾಗಿ ಅಚ್ಚು ಹಾಕಿಸಿ ಊರೂರಿಗೆ ಕಳುಹಿಸುತ್ತಿದ್ದರಷ್ಟೆ. ಓದಿದವರ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು!) ಆದರೆ ಬಂದ ಶಿಲ್ಲಿಂಗು ಪೆನ್ನಿಗಳ ಲೆಕ್ಕ ಆ ವರದಿಯಲ್ಲಿರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಮುಲ್ಲರರು ಸೇರಿಸಿಕೊಳ್ಳುತ್ತಿದ್ದುದು ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳನ್ನು ಮಾತ್ರ. ವಿವಾಹಬಾಹಿರವಾಗಿ ಹುಟ್ಟಿದ ಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ ಎಂಬುದು ಆ ನಿಯಮದ ಕ್ರೂರ ಭಾಗ. ಆದರೂ ಒಂದು ಬಿಗಿಯಿತ್ತು: ಬಡತನವನ್ನು ಅವರು ಅನಾಥತೆ ಎಂದು ಬರೆದುಕೊಳ್ಳಲಿಲ್ಲ.

ಮುಲ್ಲರರ ಕತೆ ನಮ್ಮ ಕರಾವಳಿಗೂ ದೂರದ್ದಲ್ಲ. ಕಾರ್ಕಳದ ಬಳಿಯ ಮಾಳದ ಮನೆತನದ ಪಂಡಿತಾ ರಮಾಬಾಯಿ ಅದನ್ನು ಓದಿ ಸ್ಫೂರ್ತಿ ಪಡೆದವರು. 1896-97ರ ಬರಗಾಲದಲ್ಲಿ ಅವರು ಮಧ್ಯಪ್ರಾಂತ್ಯದಿಂದ ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದು ಪುಣೆ ಬಳಿಯ ಕೇಡಗಾಂವಿನಲ್ಲಿ ಆಶ್ರಯ ಕೊಟ್ಟರು. ಹಣದ ಬಹುಭಾಗ ಸಮುದ್ರದಾಚೆಯದು. ಅಲ್ಲಿ ಬರಗಾಲವಿತ್ತು, ಹಿಂತಿರುಗಿಸಲು ಎಷ್ಟೋ ಮಕ್ಕಳಿಗೆ ಮನೆಯೇ ಇರಲಿಲ್ಲ. ಅಂಥ ಕೆಲಸವನ್ನು ಹೈಟಿಯ ಇಂದಿನ ವ್ಯಾಪಾರದ ಪಕ್ಕ ಇಟ್ಟು ತೂಗಲು ನಮಗೆ ಮನಸ್ಸಿಲ್ಲ.

ಬದಲಾವಣೆ ಬಂದದ್ದು 1950ರ ದಶಕದಲ್ಲಿ, ಕೊರಿಯಾ ಯುದ್ಧದ ಬಳಿಕ. ವರ್ಲ್ಡ್ ವಿಷನ್, ಕಂಪ್ಯಾಶನ್ ಮುಂತಾದ ಅಮೇರಿಕದ ಕ್ರೈಸ್ತ ಸಂಸ್ಥೆಗಳು ಒಂದು ಮಗುವಿಗೆ ಒಬ್ಬ ದಾನಿ ಎಂಬ ಪದ್ಧತಿಯನ್ನು ಬೆಳೆಸಿದವು. ದಾನಿಯ ಮನೆಗೆ ಮಗುವಿನ ಫೋಟೋ ಬಂತು, ಕಾಗದ ಬಂತು. ಈ ಸಂಸ್ಥೆಗಳು ಕ್ರಮೇಣ ಮನೆಯಲ್ಲೇ ಇರುವ ಮಕ್ಕಳ ಕಡೆಗೆ ತಿರುಗಿದವು. ಆದರೆ ಆ ಫೋಟೋ ಸಣ್ಣಪುಟ್ಟ ಚರ್ಚುಗಳ ಅನಾಥಾಲಯಗಳ ಕೈಗೆ ಬಂತು. ಅಂಥ ಮನವಿಪತ್ರಗಳನ್ನು ಗಮನಿಸಿ ನೋಡಿ: ದೊಡ್ಡ ಕಣ್ಣು, ಮಾಸಿದ ಅಂಗಿ, ಹಿಂದೆ ಖಾಲಿ ಗೋಡೆ. ತಾಯಿಯನ್ನು ಚೌಕಟ್ಟಿನಿಂದ ಕತ್ತರಿಸಲಾಗಿದೆ. ಪಕ್ಕದಲ್ಲಿ ‘ಜಗತ್ತಿನಲ್ಲಿ 14 ಕೋಟಿ ಅನಾಥರು’ ಎಂಬ ಸಾಲು. ಈ ಸಂಖ್ಯೆ ಯುನಿಸೆಫ್ 2015ಕ್ಕೆ ಕೊಟ್ಟ ಅಂದಾಜು, ಸುಳ್ಳಲ್ಲ. ಆದರೆ ತಂದೆ ತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡವರೂ ಅದರಲ್ಲಿ ಸೇರಿದ್ದಾರೆ. ಇಬ್ಬರನ್ನೂ ಕಳೆದುಕೊಂಡವರು ಒಂದೂವರೆ ಕೋಟಿ. ಮನವಿಪತ್ರದಲ್ಲಿ ಈ ಎರಡನೆಯ ಸಂಖ್ಯೆಗೆ ಜಾಗ ಸಾಲುವುದಿಲ್ಲ.

ಒಳ್ಳೆಯ ಕಟ್ಟಡ, ಒಳ್ಳೆಯ ಊಟ ಕೊಟ್ಟರೆ ಸಾಲದೇ ಎನ್ನುವವರಿದ್ದಾರೆ. ರುಮಾನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ 2000ದ ನಂತರ ಸರಕಾರಿ ಅನಾಥಾಲಯಗಳ 136 ಶಿಶುಗಳ ಮೇಲೆ ಅಮೇರಿಕದ ವಿಜ್ಞಾನಿಗಳು ಅಧ್ಯಯನ ನಡೆಸಿದರು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳುಹಿಸಲಾಯಿತು. ಉಳಿದವರಿಗಿಂತ ಆ ಮಕ್ಕಳು ಬುದ್ಧಿಶಕ್ತಿಯಲ್ಲಿ ಮುಂದೆ ಬಂದರು, ಎರಡು ವರ್ಷದೊಳಗೆ ಹೋದವರಂತೂ ಇನ್ನೂ ಮುಂದೆ. ಮಗುವಿಗೆ ತನ್ನದೇ ಎನ್ನುವ ಒಂದು ಮಡಿಲು ಬೇಕು. ರಜೆಯಲ್ಲಿ ಎರಡು ವಾರ ಬಂದು ಎತ್ತಿ ಮುದ್ದಾಡಿ ಫೋಟೋ ತೆಗೆಸಿಕೊಂಡು ವಿಮಾನ ಹತ್ತುವ ಚರ್ಚಿನ ಯುವಕರು ಆ ಮಡಿಲಾಗಲಾರರು.

ಇದನ್ನೆಲ್ಲ ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಕ್ರೈಸ್ತರೇ ಇದ್ದಾರೆ. ಅಮೇರಿಕದ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಈಗ ಮಕ್ಕಳನ್ನು ಅನಾಥಾಲಯಗಳಿಂದ ಕುಟುಂಬಗಳಿಗೆ ಮರಳಿಸುವ ಕೆಲಸದಲ್ಲಿದೆ. ರುವಾಂಡಾ ಸರಕಾರ 2012ರಿಂದ ಇದನ್ನೇ ನೀತಿ ಮಾಡಿಕೊಂಡಿತು. ಬಾಗಿಲು ಹಾಕಿ ಮಕ್ಕಳನ್ನು ಬೀದಿಗೆ ಬಿಡುವ ಮಾತು ಇದಲ್ಲ. 2025ರ ಆಗಸ್ಟ್‌ನಲ್ಲಿ ಅದೇ ಕೆನ್ಸ್ಕಾಫ್‌ನಲ್ಲಿ ಬಂದೂಕುಧಾರಿಗಳು ಇನ್ನೊಂದು ಕ್ರೈಸ್ತ ಅನಾಥಾಲಯಕ್ಕೆ ನುಗ್ಗಿ ಮೂರು ವರ್ಷದ ಮಗು ಸೇರಿ ಎಂಟು ಮಂದಿಯನ್ನು ಅಪಹರಿಸಿದರು. ಅವರಲ್ಲಿ ಅಂಗವಿಕಲ ಮಕ್ಕಳಿಗಾಗಿ ದಶಕಗಳಿಂದ ಅಲ್ಲೇ ಉಳಿದಿದ್ದ ಐರ್ಲೆಂಡಿನ ಮಿಶನರಿ ಮಹಿಳೆಯೂ ಇದ್ದರು. ಸುಮಾರು ನಾಲ್ಕು ವಾರಗಳ ಬಳಿಕ ಅವರೆಲ್ಲ ಬಿಡುಗಡೆಯಾದರು. ಅಂಥವರ ಮುಂದೆ ನಾವು ತಲೆ ತಗ್ಗಿಸುತ್ತೇವೆ. ನಮ್ಮ ತಕರಾರು ದೂರದಿಂದ ಹೋಗುವ ಹಣದ ದಾರಿಯ ಕುರಿತು. ಆ ಹಣ ಕಟ್ಟಡಕ್ಕೆ ಹೋಗುತ್ತದೆ, ತಾಯಿಯ ಕೈಗೆ ಹೋಗುವುದಿಲ್ಲ.

ಹಾಗೆಂದು ಈ ಬೆರಳನ್ನು ಚರ್ಚಿನ ಕಡೆಗೆ ಮಾತ್ರ ತೋರಿಸಿದರೆ ನಾವು ಅಪ್ರಾಮಾಣಿಕರಾಗುತ್ತೇವೆ. ಇಸ್ಲಾಮಿನಲ್ಲಿ ಯತೀಮ್ ಎಂದರೆ ಪ್ರಾಯಕ್ಕೆ ಬರುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗು. ತಾಯಿ ಇರಬಹುದು, ಅಜ್ಜ ಇರಬಹುದು, ಚಿಕ್ಕಪ್ಪ ಇರಬಹುದು. ಪ್ರವಾದಿ ಮುಹಮ್ಮದರು(ಸ) ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡು, ಮೊದಲು ಅಜ್ಜನ, ಬಳಿಕ ದೊಡ್ಡಪ್ಪ ಅಬೂತಾಲಿಬರ ಮನೆಯಲ್ಲಿ ಬೆಳೆದರು. ಗಲ್ಫಿನಿಂದ ಬರುವ ದೇಣಿಗೆಯಲ್ಲಿ, ರಮಝಾನಿನ ಝಕಾತಿನಲ್ಲಿ ನಾವು ಕಟ್ಟಿದ ಯತೀಂಖಾನೆಗಳ ಮಕ್ಕಳಲ್ಲಿ ಎಷ್ಟು ಮಂದಿಗೆ ತಾಯಿ ಇದ್ದಾಳೆ? ಒಂದು ಮಗುವಿಗೆ ತಿಂಗಳಿಗೆ ತಗಲುವ ಖರ್ಚನ್ನು ಆ ವಿಧವೆಗೆ ಕೊಟ್ಟಿದ್ದರೆ ಅವಳು ಮಗನನ್ನು ಬಿಟ್ಟುಕೊಡುತ್ತಿದ್ದಳೇ? ಮುಂದಿನ ರಮಝಾನಿಗೆ ರಸೀದಿ ಪುಸ್ತಕ ಮನೆ ಬಾಗಿಲಿಗೆ ಬಂದಾಗ ಓದುಗರು ಇದನ್ನೊಮ್ಮೆ ವಿಚಾರಿಸಲಿ. ಯತೀಂಖಾನೆಗಳ ಆಡಳಿತ ಮಂಡಳಿಗಳು ಉತ್ತರ ಕಳುಹಿಸಿದರೆ ಪ್ರಕಟಿಸಲು ಈ ಪುಟಗಳು ತೆರೆದಿವೆ.